ಎರಡು ಮಿಲಿಮೀಟರ್ ನೀರು

"ಇದು ವಿಮಾನದ್ದಾ ಶಿವಣ್ಣ?"

ದುರ್ಗೇಶ್ ಪ್ರಿಂಟರಿನಿಂದ ಹೊರಬಿದ್ದ ಮೂರನೆಯ ಹಾಳೆಯನ್ನು ಬೆಳಕಿಗೆ ಹಿಡಿದು ಓದತೊಡಗಿದ್ದ. ಬಸ್‌ಸ್ಟ್ಯಾಂಡಿನ ಎದುರಿನ ಅವನ ಜೆರಾಕ್ಸ್ ಅಂಗಡಿಯಲ್ಲಿ ಯಾರ ಕಾಗದವೂ ಗುಟ್ಟಿನದಲ್ಲ. ತೀರ್ಥಹಳ್ಳಿಯ ಅರ್ಧ ಜನರ ಪಹಣಿ, ಜಾತಕ, ಸ್ಕ್ಯಾನಿಂಗ್ ರಿಪೋರ್ಟು ಅವನಿಗೆ ಬಾಯಿಪಾಠ. ಓದಬೇಡ ಎಂದರೆ ಇನ್ನಷ್ಟು ಓದುತ್ತಾನೆಂದು ಗೊತ್ತಿದ್ದ ಶಿವಮೂರ್ತಿ ಸುಮ್ಮನೆ "ಹ್ಞೂಂ" ಎಂದ.

"ಹದಿನೇಳು ಪ್ರಶ್ನೆ. ಪಿಯುಸಿಯಲ್ಲೂ ನಂಗೆ ಇಷ್ಟು ಕೇಳಿರ್ಲಿಲ್ಲ" ಎಂದ ದುರ್ಗೇಶ್. ಆಮೇಲೆ ಇಂಗ್ಲಿಷನ್ನು ತಾನೇ ಕನ್ನಡ ಮಾಡಿಕೊಳ್ಳುತ್ತ ಬೆರಳಿಟ್ಟು ಓದಿದ: "ಒಂಬತ್ತನೇದು. ರನ್‌ವೇ ಮೇಲಿನ ನೀರಿನ ಆಳ ಹೆಂಗೆ ಗೊತ್ತು ಮಾಡ್ಕೊಂಡ್ರಿ. ಒಂದು, ಅಳತೆ ಸಾಧನದಿಂದ. ಎರಡು, ಕಣ್ಣಂದಾಜಿನಿಂದ. ಯಾವುದಾದ್ರೂ ಒಂದಕ್ಕೆ ಗುರುತು ಹಾಕಿ." ಹಾಳೆಯನ್ನು ಕೆಳಗಿಟ್ಟು ನಕ್ಕ. "ನಿಮ್ಗೆ ಅಳತೆ ಸಾಧನ ಎಂತಕ್ಕೆ ಮಾರಾಯ್ರೆ. ನಿನ್ನೆ ಹೋಟ್ಲಲ್ಲಿ ನಿಮ್ಮಪ್ಪಯ್ಯ ಹೇಳ್ತಿದ್ರು. ನಮ್ಮ ಶಿವು ಜೀಪಲ್ಲಿ ಕೂತಲ್ಲಿಂದಲೇ ನೋಡಿ ಇಷ್ಟೇ ನೀರು ಅಂತ ಹೇಳ್ತಾನೆ, ಅಲ್ಲಿ ಬೇರೆ ಯಾರಿಗೂ ಅದು ಬರೋದಿಲ್ಲ ಅಂತ."

ಶಿವಮೂರ್ತಿ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡ. "ಯಾರ್ಯಾರಿದ್ರು ಹೋಟ್ಲಲ್ಲಿ?"

"ಎಲ್ರೂ ಇದ್ರು. ಹತ್ತು ಗಂಟೆ ಹೊತ್ತಿಗೆ ಅಲ್ಲಿ ಯಾರಿರೋದಿಲ್ಲ ಹೇಳಿ."

ಶಿವಮೂರ್ತಿ ಹಾಳೆಗಳನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು ಹೊರಬಿದ್ದ. ಉತ್ತರ ಬರೆದು, ರುಜು ಮಾಡಿ, ಮತ್ತೆ ಇದೇ ದುರ್ಗೇಶನ ಕೈಯಲ್ಲಿ ಸ್ಕ್ಯಾನ್ ಮಾಡಿಸಿ, ಸಂಜೆ ಐದರೊಳಗೆ ತನಿಖಾ ಸಮಿತಿಗೆ ಕಳಿಸಬೇಕಿತ್ತು. ಫಾರಂ ಬಂದು ಎಂಟು ದಿನವಾಗಿತ್ತು. ಹದಿನಾರು ಪ್ರಶ್ನೆಗಳಿಗೆ ಉತ್ತರ ಮೊದಲ ದಿನವೇ ತಲೆಯಲ್ಲಿ ಸಿದ್ಧವಿತ್ತು. ಉಳಿದ ಒಂದಕ್ಕಾಗಿ ಎಂಟು ದಿನ ಮೊಬೈಲಿನಲ್ಲಿ ಅದನ್ನು ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ.

ಶಿವಮೂರ್ತಿ ಬಯಲುಸೀಮೆಯ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ರನ್‌ವೇ ತಪಾಸಣೆಯ ಕೆಲಸದವನು. ದಿನಕ್ಕೆ ನಾಲ್ಕು ವಿಮಾನ ಬಂದು ನಾಲ್ಕು ಹೋಗುವ ಜಾಗ. ಬೆಳಿಗ್ಗೆ ಜೀಪಿನಲ್ಲಿ ರನ್‌ವೇ ಉದ್ದಕ್ಕೂ ಹೋಗಿ ಕಲ್ಲು, ಬೋಲ್ಟು, ಸತ್ತ ಹಕ್ಕಿ ಇದ್ದರೆ ಆರಿಸುವುದು. ಮಳೆ ಬಂದರೆ ರನ್‌ವೇಯ ಮೂರು ಭಾಗಗಳಲ್ಲೂ ನೀರು ಎಷ್ಟು ನಿಂತಿದೆ ಎಂದು ಅಳೆದು ರೇಡಿಯೋದಲ್ಲಿ ಹೇಳುವುದು. ಮೂರು ಮಿಲಿಮೀಟರಿನೊಳಗಿದ್ದರೆ ಬರೀ ಒದ್ದೆ. ಮೂರು ದಾಟಿದರೆ ನಿಂತ ನೀರು. ಈ ಎರಡು ಮಾತುಗಳ ನಡುವೆ ಪೈಲಟ್ ತನ್ನ ಲೆಕ್ಕವನ್ನೆಲ್ಲ ಬದಲಾಯಿಸುತ್ತಾನೆ, ಎಷ್ಟೋ ಸಲ ಇಳಿಯದೆ ಬೇರೆ ಊರಿಗೆ ಹೋಗುತ್ತಾನೆ.

ಆ ಊರಿನಲ್ಲಿ ಮಳೆ ಬರುವುದೇ ವರ್ಷಕ್ಕೆ ಮೂವತ್ತೋ ನಲವತ್ತೋ ದಿನ. ಬಂದಾಗ ಜನ ಮದುವೆಮನೆಗೆ ಬೆಂಕಿ ಬಿದ್ದಂತೆ ಓಡಾಡುತ್ತಾರೆ. ಶಿವಮೂರ್ತಿಗೆ ಅದನ್ನು ನೋಡಿದರೆ ನಗು ಬರುತ್ತಿತ್ತು. ಅವನು ಹುಟ್ಟಿ ಬೆಳೆದದ್ದು ಹೊಸನಗರ ತಾಲ್ಲೂಕಿನ ಯಡೂರಿನಲ್ಲಿ. ಅದು ಆಗುಂಬೆಯಲ್ಲ ಎಂದು ಎಷ್ಟು ಹೇಳಿದರೂ ಅಲ್ಲಿಯವರು ಕೇಳದೆ ಅವನಿಗೆ ಆಗುಂಬೆ ಎಂದೇ ಹೆಸರಿಟ್ಟಿದ್ದರು. ಮಳೆ ಶುರುವಾದರೆ ಸಾಕು, "ಆಗುಂಬೆ, ನೀನೇ ಹೋಗು" ಎಂದು ಜೀಪಿನ ಕೀ ಅವನ ಕೈಗೆ ಬರುತ್ತಿತ್ತು. ಅವನೂ ಖುಷಿಯಿಂದಲೇ ಹೋಗುತ್ತಿದ್ದ.

ಕಳೆದ ಅಕ್ಟೋಬರಿನ ಒಂದು ಸಂಜೆ ಹಾಗೆಯೇ ಹೋಗಿದ್ದ. ಇಪ್ಪತ್ತೈದು ನಿಮಿಷ ಬಿರುಸಾಗಿ ಹೊಡೆದ ಮಳೆ ಆಗ ತಾನೇ ಹನಿಯಾಗಿತ್ತು. ವಿಮಾನ ಮೂವತ್ತು ಮೈಲಿ ದೂರದಲ್ಲಿತ್ತು, ರನ್‌ವೇ ಬೇಗ ಖಾಲಿ ಮಾಡಿ ಎಂದು ಟವರಿನವರು ಅವಸರ ಮಾಡುತ್ತಿದ್ದರು. ಮೊದಲ ಭಾಗದಲ್ಲಿ ಇಳಿದು, ಡ್ಯಾಶ್‌ಬೋರ್ಡಿನಲ್ಲಿದ್ದ ಗೇಣುದ್ದದ ಅಳತೆ ಪಟ್ಟಿಯನ್ನು ನೀರಿಗೆ ಇಟ್ಟು ನೋಡಿದ. ಎರಡು. ನಡುಭಾಗದಲ್ಲಿ ಬಾಗಿಲು ತೆರೆದು ಬಗ್ಗಿ ನೋಡಿದ. ಕೊನೆಯ ಭಾಗದಲ್ಲಿ ಜೀಪು ನಿಲ್ಲಿಸಲೇ ಇಲ್ಲ. ಹೆಡ್‌ಲೈಟಿನ ಬೆಳಕಿನಲ್ಲಿ ನೀರು ತೆಳ್ಳಗೆ ಹೊಳೆಯುತ್ತಿತ್ತು, ಅದರಡಿಯ ಬಿಳಿ ಗೆರೆ ಸ್ವಚ್ಛವಾಗಿ ಕಾಣುತ್ತಿತ್ತು. ಇದೆಂತ ನೀರು ಎಂದುಕೊಂಡು ರೇಡಿಯೋದಲ್ಲಿ ಹೇಳಿದ: ಮೂರೂ ಭಾಗ ಒದ್ದೆ, ಎರಡು ಮಿಲಿಮೀಟರ್.

ಏಳು ನಿಮಿಷದ ನಂತರ ಇಳಿದ ವಿಮಾನ ರನ್‌ವೇ ಮುಗಿದರೂ ನಿಲ್ಲದೆ, ತುದಿ ದಾಟಿ ಅರವತ್ತು ಮೀಟರ್ ಕೆಸರಿನಲ್ಲಿ ಹೋಗಿ, ಮುಂದಿನ ಚಕ್ರ ಮುರಿದುಕೊಂಡು ಮೂಗು ಊರಿ ನಿಂತಿತು. ಯಾರೂ ಸಾಯಲಿಲ್ಲ. ತುರ್ತು ಜಾರುಬಂಡೆಯಲ್ಲಿ ಇಳಿಯುವಾಗ ಒಬ್ಬ ಮುದುಕಿಯ ಸೊಂಟ ಮುರಿಯಿತು, ಗಗನಸಖಿಯೊಬ್ಬಳ ಕೈ ಉಳುಕಿತು. ಯಾರೂ ಸಾಯಲಿಲ್ಲ ಎಂದು ಶಿವಮೂರ್ತಿ ಈಗಲೂ ಬೆಳಿಗ್ಗೆ ಎದ್ದ ಕೂಡಲೇ ತನಗೆ ತಾನೇ ಒಂದು ಸಲ ಹೇಳಿಕೊಳ್ಳುತ್ತಾನೆ.

ವಿಮಾನ ಒಂದೇ ಕಾರಣಕ್ಕೆ ರನ್‌ವೇ ಬಿಟ್ಟು ಹೋಗುವುದಿಲ್ಲ. ತರಬೇತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಿದ್ದರು. ಅವತ್ತು ಗಾಳಿ ಹಿಂದಿನಿಂದ ಬೀಸುತ್ತಿತ್ತು. ವಿಮಾನದ ವೇಗ ಇರಬೇಕಾದ್ದಕ್ಕಿಂತ ತುಸು ಹೆಚ್ಚಿತ್ತು. ಚಕ್ರ ನೆಲ ಮುಟ್ಟಬೇಕಾದ ಜಾಗಕ್ಕಿಂತ ನಾನೂರು ಮೀಟರ್ ಮುಂದೆ ಮುಟ್ಟಿತು. ಕೊನೆಯ ಭಾಗದಲ್ಲಿ ವರ್ಷಗಟ್ಟಲೆ ಟೈರುಗಳು ಉಜ್ಜಿ ಬಿಟ್ಟ ರಬ್ಬರು ಕಪ್ಪಗೆ ಹತ್ತಿತ್ತು, ಅದನ್ನು ಕೆರೆದು ತೆಗೆಯುವ ಕೆಲಸ ಮುಂದಿನ ತಿಂಗಳಿಗೆ ಹೋಗಿತ್ತು. ಇಷ್ಟೆಲ್ಲದರ ಮೇಲೆ ನೀರು. ನೀರು ಹೆಚ್ಚಿದ್ದರೆ ಟೈರು ನೆಲ ಹಿಡಿಯದೆ ನೀರಿನ ಮೇಲೇ ತೇಲಿಕೊಂಡು ಹೋಗುತ್ತದೆ, ಆಗ ಬ್ರೇಕು ಒತ್ತಿದರೂ ಒಂದೇ ಬಿಟ್ಟರೂ ಒಂದೇ. ಯಾವುದೋ ಒಂದು ಇಲ್ಲದಿದ್ದರೂ ವಿಮಾನ ನಿಲ್ಲುತ್ತಿತ್ತೇನೋ. ಯಾವ ಒಂದು ಎನ್ನುವುದನ್ನು ಹುಡುಕಲು ಮೂರು ತಿಂಗಳಿಂದ ಐದು ಜನರ ಸಮಿತಿ ಕೂತಿತ್ತು, ಅವರು ಕರೆಯುವ ತನಕ ಶಿವಮೂರ್ತಿಗೆ ಕಡ್ಡಾಯ ರಜೆ.

ತುಂಗಾ ಸೇತುವೆಯ ನಡುವೆ ಬಂದಾಗ ಫೋನು ಬಡಿದುಕೊಂಡಿತು. ಮೇಲಧಿಕಾರಿ ನಾರಾಯಣಮೂರ್ತಿ. ಎಂಟು ವರ್ಷ ಗುತ್ತಿಗೆಯಲ್ಲಿದ್ದವನನ್ನು ಹೋದ ಮಾರ್ಚಿನಲ್ಲಿ ಕಾಯಂ ಮಾಡಿಸಿಕೊಟ್ಟ ಪುಣ್ಯಾತ್ಮ ಅವರೇ.

"ಏನಪ್ಪಾ ಆಗುಂಬೆ, ಫಾರಂ ಕಳಿಸಿದ್ಯಾ?"

"ಇವತ್ತು ಕಳಿಸ್ತೀನಿ ಸರ್."

"ಒಂಬತ್ತನೇದಕ್ಕೆ ಮೊದಲನೇದು ಹಾಕು. ರಿಜಿಸ್ಟರಲ್ಲಿ ಎರಡು ಅಂತಿದೆ. ಅಳತೆ ಮಾಡಿದ್ರೆ ತಾನೇ ನಂಬರ್ ಬರೋದು?"

"ಸರ್, ಕೊನೇ ಭಾಗದಲ್ಲಿ ನಾನು ಇಳೀ..."

"ಹೇಳ್ಬೇಡ" ಎಂದರು ನಾರಾಯಣಮೂರ್ತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಂಗೆ ಗೊತ್ತಾಗೋದು ಬೇಡ. ಗೊತ್ತಾದ್ರೆ ನಾನೂ ಬರೀಬೇಕಾಗುತ್ತೆ. ನೋಡು ಶಿವಮೂರ್ತಿ, ಆ ನೀರು ಅವತ್ತೇ ಆರಿಹೋಯ್ತು. ಯಾವ ದೇವರು ಬಂದ್ರೂ ಅದನ್ನ ಇವತ್ತು ಅಳೆಯೋಕಾಗಲ್ಲ. ಕಣ್ಣಲ್ಲಿ ನೋಡಿದೆ ಅಂತ ನೀನು ಹಾಕಿದ್ರೆ, ಉಳಿದಿದ್ದೆಲ್ಲ ಬಿಟ್ಟು ನಿನ್ನನ್ನೇ ಹಿಡ್ಕೋತಾರೆ. ಪೈಲಟ್ಟಿಗೆ ವಕೀಲರಿದ್ದಾರೆ. ನಿಂಗೆ ಯಾರಿದ್ದಾರೆ?"

ಅವರು ಫೋನಿಟ್ಟ ಮೇಲೂ ಶಿವಮೂರ್ತಿ ಸೇತುವೆಯ ಕಟ್ಟೆಗೆ ಒರಗಿ ನಿಂತಿದ್ದ. ಜನವರಿಯ ಹೊಳೆ ಬಂಡೆಗಳ ಸಂದಿಯಲ್ಲಿ ಸದ್ದಿಲ್ಲದೆ ಹರಿಯುತ್ತಿತ್ತು. ಹಾಳೆ ಬಿಡಿಸಿ ನೋಡಿದ. ಒಂಬತ್ತನೆಯ ಪ್ರಶ್ನೆಯ ಕೆಳಗೆ ಕ್ಯಾಪ್ಟನ್ನನ ಹೇಳಿಕೆಯಿಂದ ಎತ್ತಿಕೊಂಡ ಎರಡು ವಾಕ್ಯಗಳಿದ್ದವು. ತಡವಾಗಿ ನೆಲ ಮುಟ್ಟಿದ್ದು ನನ್ನ ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಕೊನೆಯ ಭಾಗದಲ್ಲಿ ನೀರು ನಿಂತಿದೆ ಎಂದು ತಿಳಿಸಿದ್ದರೆ ನಾನು ಇಳಿಯುತ್ತಲೇ ಇರಲಿಲ್ಲ.

ಆ ಕ್ಯಾಪ್ಟನ್ನನನ್ನು ಶಿವಮೂರ್ತಿ ಒಂದೇ ಸಲ ನೋಡಿದ್ದು. ಪ್ರಯಾಣಿಕರೆಲ್ಲ ಹೋದ ಮೇಲೆ ಆತ ಕೆಸರಿನಿಂದ ನಡೆದು ಬಂದು ರನ್‌ವೇ ತುದಿಯಲ್ಲಿ, ಇವನ ಪಕ್ಕದಲ್ಲೇ ನಿಂತ. ಐವತ್ತರ ಆಸುಪಾಸಿನ, ಕನ್ನಡಕದ, ಮಾಸ್ತರರಂತೆ ಕಾಣುವ ಉತ್ತರದ ಕಡೆಯ ಮನುಷ್ಯ. "ನೀರೆಷ್ಟಿತ್ತು?" ಎಂದು ಹಿಂದಿಯಲ್ಲಿ ಕೇಳಿದ. "ಎರಡು ಮಿಲಿಮೀಟರ್, ಸರ್" ಎಂದ ಶಿವಮೂರ್ತಿ. ಆತ ತನ್ನ ಬೂಟಿನ ಕಡೆ ನೋಡಿದ. ನಿಂತಲ್ಲಿನ ನೀರು ಅಟ್ಟೆ ದಾಟಿ ಹೊಲಿಗೆಯ ತನಕ ಬಂದಿತ್ತು. ಅಲ್ಲಿಂದ ಹೋದ. ಮಾರನೆಯ ದಿನದಿಂದ ಟಿವಿಯವರು ಅವನ ಫೋಟೋಗೆ ಕೆಂಪು ವೃತ್ತ ಹಾಕಿ ಪ್ರಾಣದ ಜೊತೆ ಚೆಲ್ಲಾಟ ಎಂದು ವಾರವಿಡೀ ಕೂಗಿದರು. ರನ್‌ವೇ ನೋಡಿದವನ ಹೆಸರನ್ನು ಯಾವ ಟಿವಿಯೂ ಕೇಳಲಿಲ್ಲ.

ಸೇತುವೆಯಾಚೆ ಕುರುವಳ್ಳಿಯಲ್ಲಿ ಪಂಕ್ಚರ್ ಅಂಗಡಿಯ ಮಹಡಿಯ ಮೇಲೆ ಅವರ ಬಾಡಿಗೆ ಮನೆ. ಹೇಮಾವತಿ ಹೊಲಿಗೆ ಯಂತ್ರದ ಮುಂದೆ ಕೂತು ರವಿಕೆಯೊಂದಕ್ಕೆ ತೋಳು ಹಚ್ಚುತ್ತಿದ್ದಳು. ಗಂಡ ಬಂದು ಹಾಳೆಗಳನ್ನು ಕಟಿಂಗ್ ಮೇಜಿನ ಮೇಲೆ ಇಟ್ಟದ್ದನ್ನು ನೋಡಿ ಯಂತ್ರ ನಿಲ್ಲಿಸಿದಳು.

"ಎಂತ ಬರೀತೀರಿ?"

"ಗೊತ್ತಿಲ್ಲ."

"ಎಂಟು ದಿನದಿಂದ ಗೊತ್ತಿಲ್ಲ ಅಂತಲೇ ಹೇಳ್ತಾ ಇದೀರಿ." ಅವಳು ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು ಮೆತ್ತೆಗೆ ಚುಚ್ಚಿದಳು. "ಮದುವೆ ಆದಾಗಿಂದ ನೀವು ಅಲ್ಲಿ, ನಾನು ಇಲ್ಲಿ. ಕಾಯಂ ಆಗ್ಲಿ, ಕ್ವಾರ್ಟರ್ಸ್ ಸಿಗ್ತದೆ, ಆಮೇಲೆ ಎಲ್ರೂ ಹೋಗೋಣ ಅಂತ. ಮಾರ್ಚಿಗೆ ಕಾಯಂ ಆಯ್ತು. ನವೆಂಬರಿಗೆ ಕ್ವಾರ್ಟರ್ಸ್ ಬರೋದಿತ್ತು. ನಾನು ಸಾಗರಕ್ಕೆ ಹೋಗಿ ಅಮ್ಮಂಗೂ ಹೇಳಿ ಬಂದಿದ್ದೆ. ಈಗ ನೀವು ಅಲ್ಲೊಂದು ಗೀಟು ಎಳೆದ್ರೆ ಎಲ್ಲ ಹೋಯ್ತು."

"ಹೌದು."

"ಆ ಪೈಲಟ್ಟೂ ತಪ್ಪು ಮಾಡಿದಾನೆ ಅಂತ ನೀವೇ ಹೇಳಿದ್ರಿ."

"ಮಾಡಿದಾನೆ. ಅವನ ತಪ್ಪು ಅವನು ಬರ್ದಿದಾನೆ."

ಹೇಮಾವತಿ ರವಿಕೆಯ ತೋಳನ್ನು ಮಡಿಲಿಗೆ ಎಳೆದುಕೊಂಡಳು. ಯಂತ್ರ ಓಡಿಸಲಿಲ್ಲ. ಅವಳಿಗೆ ಅಳು ಬರುತ್ತಿತ್ತು, ಆದರೆ ಈ ಮೂರು ತಿಂಗಳಲ್ಲಿ ಅಳುವುದೂ ಬೇಸರವಾಗಿ ಹೋಗಿತ್ತು. ಕೆಳಗಿನ ಅಂಗಡಿಯಲ್ಲಿ ಗಾಳಿ ತುಂಬಿಸುವ ಸದ್ದು ಒಂದೇ ಸಮನೆ ಕೇಳುತ್ತಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೆಳ್ಳಪ್ಪನ ಕೋಲಿನ ಸದ್ದಾಯಿತು. ಶಿವಮೂರ್ತಿಯ ಅಪ್ಪ ಬೆಳ್ಳಪ್ಪನಿಗೆ ಎಪ್ಪತ್ತಮೂರು. ಯಡೂರಿನ ಮಳೆ ಅಳೆಯುವ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ತಂತಿ ಬೇಲಿಯ ಗೇಟು ತೆಗೆದು, ನೆಲದಲ್ಲಿ ಹೂತ ಡಬ್ಬಿಯನ್ನು ಎತ್ತಿ, ಅದರ ನೀರನ್ನು ಗೆರೆ ಹಾಕಿದ ಗಾಜಿನ ಪಾತ್ರೆಗೆ ಹೊಯ್ದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಬರೆಯುವುದು. ಜ್ವರ ಬಂದರೂ ಹೋಗಿದ್ದ, ಹೆಂಡತಿ ಮೂಕಮ್ಮನ ಹೆರಿಗೆಯ ದಿನವೂ ಹೋಗಿದ್ದ. ಆ ಕೇಂದ್ರದಲ್ಲಿ ಈಗ ತಾನಾಗಿ ಅಳೆದು ತಾನಾಗಿ ಮೆಸೇಜು ಕಳಿಸುವ ಯಂತ್ರ ಬಂದಿದೆ. ಬೆಳ್ಳಪ್ಪನ ಪ್ರಕಾರ ಅದು ಒಂದು ದಿನವೂ ಸರಿ ಹೇಳಿಲ್ಲ.

ಮಳೆಗಾಲದಲ್ಲಿ ಅವರ ಮನೆಯಲ್ಲಿ ಒಂದು ಆಟವಿತ್ತು. ಅಪ್ಪ ಗೇಟಿನ ಕಡೆ ಹೊರಡುವ ಮುಂಚೆ ಎಲ್ಲರೂ ಒಂದೊಂದು ಸಂಖ್ಯೆ ಹೇಳಬೇಕು. ರಾತ್ರಿಯಿಡೀ ಕೇಳಿದ ಸದ್ದು, ಅಂಗಳದ ಬಾನಿಯಲ್ಲಿ ತುಂಬಿದ ನೀರು, ಇಷ್ಟರಲ್ಲೇ ಅಂದಾಜು. ಮೂಕಮ್ಮ ಒಲೆಯ ಮುಂದಿನಿಂದಲೇ ನೂರು ಎಂದು ಕೂಗುತ್ತಿದ್ದಳು, ಅವಳು ಯಾವತ್ತೂ ನೂರೇ. ಗಾಜು ಹೇಳಿದ್ದಕ್ಕೆ ಯಾರ ಸಂಖ್ಯೆ ಹತ್ತಿರವೋ ಅವರಿಗೆ ಕಾವಲಿಯ ಮೊದಲ ದೋಸೆ. ಎಂಟನೆಯ ವಯಸ್ಸಿನಿಂದ ಆ ದೋಸೆ ಶಿವುವಿನದೇ. ಒಂದು ಆಷಾಢದಲ್ಲಿ ಅವನು ಇನ್ನೂರ ಹನ್ನೆರಡು ಎಂದ. ಬೆಳ್ಳಪ್ಪ ಹನ್ನೊಂದು ಸಲ ಗಾಜಿಗೆ ಹೊಯ್ದು ಕೂಡಿಸಿದರೆ ಇನ್ನೂರ ಹನ್ನೊಂದು ಪಾಯಿಂಟ್ ಆರು. ಆವತ್ತಿನಿಂದ ಬೆಳ್ಳಪ್ಪ ಅದನ್ನು ಹೇಳದ ಮನುಷ್ಯರಿಲ್ಲ, ಹೇಳದ ಹೋಟೆಲಿಲ್ಲ.

"ಅಪ್ಪಯ್ಯ, ಹೋಟ್ಲಲ್ಲಿ ನನ್ನ ವಿಷಯ ಎಂತಕ್ಕೆ ಹೇಳಿದ್ದು ನೀನು?" ಎಂದು ಶಿವಮೂರ್ತಿ ಕೇಳಿದ.

ಬೆಳ್ಳಪ್ಪ ಕುರ್ಚಿಯಲ್ಲಿ ಕೂತು ಕೋಲನ್ನು ಗೋಡೆಗೆ ಒರಗಿಸಿದ. "ಎಂತ ಹೇಳಿದ್ದು? ಇದ್ದಿದ್ದು ಹೇಳಿದ್ದು. ಎಲ್ರೂ ಪೈಲಟ್ಟನ್ನ ಬೈತಾ ಇದ್ರು. ನೀರು ಜಾಸ್ತಿ ಇತ್ತೋ ಎಂತೋ ಅಂತ ಒಬ್ಬ ಅಂದ. ಜಾಸ್ತಿ ಇಲ್ಲ, ನೋಡಿದ್ದು ನಮ್ಮ ಶಿವು, ಅವ್ನು ಎರಡು ಅಂದ್ರೆ ಎರಡೇ ಅಂತ ನಾನು ಹೇಳ್ದೆ. ತಪ್ಪಾ?"

"ನಾನು ಅಳೀಲಿಲ್ಲ ಅಪ್ಪಯ್ಯ. ನೋಡಿ ಹೇಳಿದ್ದು."

"ನೋಡಿ ಹೇಳಿದ್ದೇ ಅಳತೆ. ಕಣ್ಣು ಎಂತಕ್ಕೆ ಇರೋದು?" ಬೆಳ್ಳಪ್ಪನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಅಳತೆ ಮಾಡಿದ್ದು ಅಂತಲೇ ಬರಿ. ಸುಳ್ಳು ಎಂತ ಆಗ್ತದೆ ಅದು? ಸಣ್ಣಲ್ಲಿಂದ ನೋಡಿದೀನಿ ನಾನು, ನೀನು ತಪ್ಪೋದಿಲ್ಲ."

ಹೇಮಾವತಿ ಗಂಡನ ಮುಖ ನೋಡಿದಳು. ಮಾವನ ಮಾತಿನಲ್ಲಿ ಒಂದು ದಾರಿ ಕಂಡಂತೆ ಅವಳಿಗೆ ಆಸೆಯಾಯಿತು. ಶಿವಮೂರ್ತಿಗೂ ಆ ಕ್ಷಣ ಅದನ್ನೇ ನಂಬಬೇಕೆನ್ನಿಸಿತು. ಎಲ್ಲರೂ ಅಷ್ಟು ಹೇಳುತ್ತಿದ್ದಾರೆ, ಸೊಂಟ ಮುರಿದ ಮುದುಕಿ ನಡೆದಾಡುತ್ತಿದ್ದಾಳೆಂದು ಪತ್ರಿಕೆಯಲ್ಲಿ ಬಂದಿದೆ, ಇನ್ನು ಸಾಕು. ಪೆನ್ನು ತೆಗೆದುಕೊಂಡ. ಮೊದಲ ಚೌಕದ ಮೇಲೆ ಅದನ್ನು ಹಿಡಿದ. ಹಿಡಿದುಕೊಂಡೇ ಇದ್ದ. ಕಣ್ಣ ಮುಂದೆ ಆ ಮನುಷ್ಯನ ಬೂಟು ಬರುತ್ತಿತ್ತು.

ಪೆನ್ನು ಕೆಳಗಿಟ್ಟು, ಮೇಜಿನಡಿಯ ಚೂರು ಬಟ್ಟೆಗಳಿಂದ ಒಂದು ಮುಷ್ಟಿ ತೆಗೆದುಕೊಂಡು ಬಾಗಿಲಾಚೆಯ ತಾರಸಿಗೆ ಹೋದ. ಮಳೆನೀರು ಹೋಗುವ ಮೂಲೆಯ ತೂತಿಗೆ ಬಟ್ಟೆ ತುರುಕಿದ. ತಾರಸಿ ಆ ಮೂಲೆಯ ಕಡೆ ಇಳಿಜಾರು. ಬಚ್ಚಲಿನಿಂದ ಬಕೆಟಿನಲ್ಲಿ ನೀರು ತಂದು ನಿಧಾನಕ್ಕೆ ಹೊಯ್ಯತೊಡಗಿದ.

"ಎಂತ ಮಾಡ್ತೀರಿ ಇದು?" ಹೇಮಾವತಿ ಬಾಗಿಲಿಗೆ ಬಂದಳು. "ನಳದಲ್ಲಿ ನೀರು ಬರೋದು ಇನ್ನು ನಾಳೆ ಬೆಳಿಗ್ಗೆನೇ."

ಅವನು ಎರಡನೆಯ ಬಕೆಟ್ ತಂದ. ಮೂರನೆಯದರಲ್ಲಿ ಅರ್ಧ ಹೊಯ್ದು ನಿಲ್ಲಿಸಿದ. ಮೂಲೆಯಲ್ಲಿ ಹಾಸಿಗೆಯಗಲದಷ್ಟು ನೀರು ನಿಂತಿತ್ತು. ಬಿಸಿಲಿಗೆ ತೆಳ್ಳಗೆ ಹೊಳೆಯುತ್ತಿತ್ತು, ಅಡಿಯ ಸಿಮೆಂಟಿನ ಬಿರುಕುಗಳು ಸ್ವಚ್ಛವಾಗಿ ಕಾಣುತ್ತಿದ್ದವು. ಅವತ್ತು ಜೀಪಿನಿಂದ ಕಂಡದ್ದು ಹೀಗೆಯೇ. ಅವನು ಎರಡು ಸಲ ಕಣ್ಣು ಮುಚ್ಚಿ ತೆರೆದು ನೋಡಿದ, ಅನುಮಾನವಿರಲಿಲ್ಲ.

"ಅಪ್ಪಯ್ಯ, ಇಲ್ಲಿ ಬಾ ಒಂದ್ಸಲ."

ಬೆಳ್ಳಪ್ಪ ಕೋಲೂರಿಕೊಂಡು ಬಂದ. ನೀರು ನೋಡುತ್ತಲೇ ಅವನ ಮುಖಕ್ಕೆ ಹಳೆಯ ಕಳೆ ಬಂತು. ಯಾರೂ ಹೇಳದೆ ಇದು ಯಾವ ಆಟವೆಂದು ಅವನಿಗೆ ತಿಳಿಯಿತು.

"ಎಷ್ಟು ಹೇಳು."

ಬೆಳ್ಳಪ್ಪ ತಲೆ ಓರೆ ಮಾಡಿ ನೋಡಿದ. ಕೋಲಿನ ತುದಿಯಿಂದ ನೀರನ್ನು ಮೆಲ್ಲಗೆ ಮುಟ್ಟಿದ. "ಎರಡು" ಎಂದ. "ಹೆಚ್ಚಂದ್ರೆ ಎರಡೂಕಾಲು. ನೀನೆಷ್ಟು ಹೇಳ್ತೀಯಾ?"

"ನಂಗೂ ಎರಡೇ" ಎಂದ ಶಿವಮೂರ್ತಿ. "ಹೇಮಾ, ನಿನ್ನ ಸ್ಟೀಲ್ ಸ್ಕೇಲು ಕೊಡು."

ಹೇಮಾವತಿ ಬಟ್ಟೆಗೆ ಗೆರೆ ಎಳೆಯುವ ಸ್ಕೇಲನ್ನು ತಂದುಕೊಟ್ಟಳು. ಅದರ ಗೀಟುಗಳು ತುದಿಯಿಂದಲೇ ಶುರುವಾಗುತ್ತವೆ. ಶಿವಮೂರ್ತಿ ಕುಕ್ಕರಗಾಲಿನಲ್ಲಿ ಕೂತು ಅದನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದ. ನೋಡಿದ. ತೆಗೆದು, ಸೀರೆಯ ಚೂರಿನಿಂದ ಒರೆಸಿ, ಇನ್ನೊಂದು ಕಡೆ ಇಟ್ಟು ನೋಡಿದ.

"ಎಷ್ಟಾ?"

"ಐದು."

"ಓರೆ ಹಿಡಿದೀಯ ನೀನು." ಬೆಳ್ಳಪ್ಪ ಕೋಲನ್ನು ಬದಿಗಿಟ್ಟು, ಮಗನ ಹೆಗಲು ಹಿಡಿದು ಕಷ್ಟಪಟ್ಟು ಕೆಳಗೆ ಕೂತ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಸ್ಕೇಲನ್ನು ತಾನೇ ಹಿಡಿದು ನೀರಿಗೆ ಇಳಿಸಿ, ಮೂವತ್ತೊಂದು ವರ್ಷ ಮಾಡಿದಂತೆ ಕಣ್ಣನ್ನು ನೀರಿನ ಮಟ್ಟಕ್ಕೆ ತರಲು ಹೋದ. ಅದಕ್ಕೆ ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಬೇಕಿತ್ತು. ಬಗ್ಗಿದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಜಾಗ ಬದಲಾಯಿಸಿ ಮತ್ತೆ ನೋಡಿದ. ಮೂರನೆಯ ಸಲವೂ ನೋಡಿದ.

ಎದ್ದು ಕೂತಾಗ ಅವನ ಕೆನ್ನೆ ಒದ್ದೆಯಾಗಿತ್ತು. ಎಡಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಅಗಲಿಸಿ ಹಿಡಿದು ಅದನ್ನೇ ನೋಡಿದ.

"ಗಾಜಲ್ಲಿ ಐದು ಅಂದ್ರೆ ಇಷ್ಟೆತ್ತರ ಬರ್ತದೆ" ಎಂದ. "ಒಂದೊಂದು ಮಿಲಿಮೀಟರಿಗೂ ಒಂದು ಕಿರುಬೆರಳಗಲ ಜಾಗ. ಓದಕ್ಕೆ ಸಲೀಸಾಗ್ಲಿ ಅಂತ ಗಾಜನ್ನ ಹಂಗೆ ಸಪೂರ ಮಾಡಿರ್ತಾರೆ." ಬೆರಳುಗಳನ್ನು ಮಡಿಸಿದ. "ನೆಲದ ಮೇಲೆ ನಾನು ಯಾವತ್ತೂ ಅಳೆದಿಲ್ಲ ಶಿವು. ನೆಲದ ಮೇಲೆ ಇರ್ತದಲ್ಲ, ಅದನ್ನ ನಾವು ನೀರು ಅಂತಲೇ ಲೆಕ್ಕಕ್ಕೆ ಇಟ್ಕೊಂಡಿದ್ದಿಲ್ಲ."

 ಅಪ್ಪನ ಮೇಲೆ ಶಿವಮೂರ್ತಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮೊದಲ ದೋಸೆಗಳೆಲ್ಲ ನೆನಪಾದವು, ಮುಸುಕಿನೊಳಗೆ ಸದ್ದು ಕೇಳುತ್ತ ಲೆಕ್ಕ ಹಾಕುತ್ತಿದ್ದ ರಾತ್ರಿಗಳು ನೆನಪಾದವು. ಜೀಪಿನಿಂದ ಇಳಿಯದಿದ್ದವನು ಅವನೇ, ಅವಸರದಿಂದಲ್ಲ. ಇಳಿಯಲು ಅರ್ಧ ನಿಮಿಷ ಸಾಕಿತ್ತು. ತನಗೆ ಗೊತ್ತಿದೆ ಎನ್ನುವ ಸೊಕ್ಕಿನಿಂದ ಇಳಿಯಲಿಲ್ಲ. ಇದನ್ನು ಇಷ್ಟು ನೇರವಾಗಿ ಅವನು ತನಗೇ ಹೇಳಿಕೊಂಡದ್ದು ಇದೇ ಮೊದಲು.

ಒಳಗೆ ಹೋಗಿ ಕಟಿಂಗ್ ಮೇಜಿನ ಮುಂದೆ ನಿಂತೇ ಬರೆದ. ಎರಡನೆಯ ಚೌಕಕ್ಕೆ ಗುರುತು ಹಾಕಿದ. ಅದರ ಮುಂದಿದ್ದ ಖಾಲಿ ಜಾಗದಲ್ಲಿ, ಕೊನೆಯ ಭಾಗದಲ್ಲಿ ವಾಹನದಿಂದ ಇಳಿಯಲಿಲ್ಲ, ನೀರು ನಾನು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತೆಂದು ಈಗ ನಂಬಿದ್ದೇನೆ ಎಂದು ತನಗೆ ಬರುವ ಇಂಗ್ಲಿಷಿನಲ್ಲಿ ಬರೆದ. ಉಳಿದ ಹದಿನಾರಕ್ಕೆ ಹತ್ತು ನಿಮಿಷ ಹಿಡಿಯಿತು. ಬರೆದು ಮುಗಿಸಿದಾಗ ಹಗುರವೇನೂ ಆಗಲಿಲ್ಲ, ಬಹಳ ದೂರ ನಡೆದು ಬಂದು ಕೂತವನ ಸುಸ್ತು ಮಾತ್ರ ಆಯಿತು.

ಹೇಮಾವತಿ ಹಾಳೆಗಳನ್ನು ಎತ್ತಿಕೊಂಡು ಒಂದೊಂದಾಗಿ ಓದಿದಳು. ಒಂಬತ್ತನೆಯದನ್ನು ಎರಡು ಸಲ ಓದಿದಳು. 

"ನಂಗೆ ಇದು ಇಷ್ಟ ಇಲ್ಲ" ಎಂದಳು. "ನಾಳೆಯೂ ಇಷ್ಟ ಆಗೋದಿಲ್ಲ. ಅದನ್ನ ನೀವು ತಿಳ್ಕೊಂಡಿರಿ."

"ಗೊತ್ತು."

ಅವಳು ಕೊನೆಯ ಹಾಳೆಯನ್ನು ಅವನ ಕಡೆ ತಿರುಗಿಸಿ ಕೆಳಗಿನ ಮೂಲೆಗೆ ಬೆರಳಿಟ್ಟಳು. "ಇಲ್ಲಿ ರುಜು ಬಾಕಿ ಇದೆ."

ಅವನು ರುಜು ಹಾಕಿದ. ಅವಳು ಹಾಳೆಗಳನ್ನು ಮಡಿಸದೆ ಹಳೆಯ ಕ್ಯಾಲೆಂಡರಿನ ನಡುವೆ ಇಟ್ಟು ಕೊಟ್ಟು, ಯಂತ್ರದ ಮುಂದೆ ಕೂತು, ಅರ್ಧಕ್ಕೆ ಬಿಟ್ಟಿದ್ದ ತೋಳನ್ನು ಮತ್ತೆ ಹಚ್ಚತೊಡಗಿದಳು.

ಅಪ್ಪ ಇನ್ನೂ ಒಳಗೆ ಬಂದಿರಲಿಲ್ಲ. ಶಿವಮೂರ್ತಿ ಚಪ್ಪಲಿ ಮೆಟ್ಟಿಕೊಂಡು ತಾರಸಿಗೆ ಬಂದಾಗ ಬೆಳ್ಳಪ್ಪ ನೀರಿನ ಪಕ್ಕದಲ್ಲೇ ಕೂತಿದ್ದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಏಳು ಅಪ್ಪಯ್ಯ, ಬಿಸಿಲು. ತೂತಿನ ಬಟ್ಟೆ ತೆಗೀತೀನಿ."

"ಇರ್ಲಿ" ಎಂದ ಬೆಳ್ಳಪ್ಪ. "ಬಕೆಟಲ್ಲಿ ಅರ್ಧ ಉಳಿದದೆಯಲ್ಲ, ಅದನ್ನೂ ಹೊಯ್ಯಿ."

ಶಿವಮೂರ್ತಿ ಹೊಯ್ದ. ನೀರು ಅಂಚಿನಲ್ಲಿ ಮೆಲ್ಲಗೆ ಹರಡಿಕೊಂಡು, ಅಪ್ಪನ ಪಂಚೆಯ ತುದಿಯನ್ನು ಒದ್ದೆ ಮಾಡಿ ನಿಂತಿತು. ಇಬ್ಬರೂ ಅದು ಅಲುಗಾಡುವುದು ನಿಲ್ಲುವ ತನಕ ಕಾದರು.

"ಈಗೆಷ್ಟು?" ಎಂದು ಶಿವಮೂರ್ತಿ ಕೇಳಿದ.

ಬೆಳ್ಳಪ್ಪ ನೀರನ್ನು ನೋಡಿದ. ತುಟಿಯ ತನಕ ಒಂದು ಸಂಖ್ಯೆ ಬಂದದ್ದು ಕಂಡಿತು. ಅವನು ಅದನ್ನು ನುಂಗಿಕೊಂಡು, ಕನ್ನಡಕವನ್ನು ಮೇಲೆ ಸರಿಸಿ, ಮಗನ ಕಡೆ ಕೈ ಚಾಚಿದ.

"ಸ್ಕೇಲು ಕೊಡು" ಎಂದ.